ಕುಂಚಿಗೆ ಹೊಲಿಯುವ ಕೈ

ಶಹಾಪುರದ ನಮ್ಮ ಓಣಿಯಲ್ಲಿ ಅಕ್ಕ ಕುಂಚಿಗೆ ಹೊಲಿದು ಮಾರಲು ಶುರುಮಾಡಿದಾಗ ಬಂದ ಮೊದಲ ಗಿರಾಕಿ ಒಂದು ಕುಂಚಿಗೆಯನ್ನು ಕೈಗೆ ತೆಗೆದುಕೊಂಡು, ಒಳಗಿನ ಹಳೆ ಸೀರೆಯ ಅಸ್ತರನ್ನು ಕೆನ್ನೆಗೆ ಒತ್ತಿ ನೋಡಿದಳು. ಖುಷಿಯಾಗಿರಬೇಕು. "ಹೊಲಿದಾಕಿ ಯಾರು?" ಎಂದು ಕೇಳಿದಳು.

"ನಾನ," ಎಂದಳು ಅಕ್ಕ.

"ಮಕ್ಕಳೆಷ್ಟ್ರಿ ನಿಮಗ?"

ಅಕ್ಕ ಸುಳ್ಳು ಹೇಳಲಿಲ್ಲ. "ಎರಡು ಹಡದೀನಿ. ಎರಡೂ ಹೋದುವು."

ಆ ಹೆಂಗಸು ಕುಂಚಿಗೆಯನ್ನು ಬಿಸಿ ಪಾತ್ರೆ ಇಳಿಸುವವಳ ಹಾಗೆ ಕೆಳಗಿಟ್ಟಳು. "ಬಣ್ಣ ಜರಾ ಗಾಢ ಆತ್ರಿ," ಎಂದು ಎದ್ದು ಹೋದಳು. ಹೋಗುವಾಗ ಕೈಯನ್ನು ಸೆರಗಿಗೆ ಒರೆಸಿಕೊಂಡಳು ಎಂದು ನನ್ನ ನೆನಪು. ಆ ಒರೆಸಿಕೊಂಡದ್ದನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಅವಮಾನದ ಪ್ರಸಂಗಗಳನ್ನು ನನ್ನ ನೆನಪು ಇದ್ದಷ್ಟಕ್ಕೇ ಬಿಡುವುದಿಲ್ಲ, ಒಂದಿಷ್ಟು ಉಪ್ಪು ಖಾರ ಹಾಕಿ ಇಟ್ಟುಕೊಳ್ಳುತ್ತದೆ.

ಕುಂಚಿಗೆ ಎಂದರೆ ಕೂಸಿನ ತಲೆಯನ್ನು ಮುಚ್ಚಿ ಬೆನ್ನಿನವರೆಗೂ ಇಳಿಬೀಳುವ ಟೊಪ್ಪಿಗೆ. ಹೊರಗೆ ಖಣದ ಬಟ್ಟೆ, ಅಂಚಿಗೆ ಬಣ್ಣಬಣ್ಣದ ತ್ರಿಕೋನ ತುಂಡುಗಳು, ತುದಿಗೆ ಗೊಂಡೆ. ತೊಟ್ಟಿಲಿಗೆ ಹಾಕುವ ದಿನ ತವರಿನವರು ತರುವ ಸಾಮಾನಿನಲ್ಲಿ ಅದು ಇರಲೇಬೇಕು. ಆದರೆ ನಮ್ಮ ಕಡೆ ಹುಟ್ಟಿದ ಕೂಸಿಗೆ ಯಾವ ಬಟ್ಟೆಯನ್ನಾದರೂ ತೊಡಿಸುವುದಿಲ್ಲ. ಮಕ್ಕಳು ಗಟ್ಟಿಯಾಗಿ ಉಳಿದ ಮನೆಯಿಂದ ಹಳೆ ಬಟ್ಟೆ ಬೇಡಿ ತರುತ್ತಾರೆ. ಹೊಲಿಯುವ ಕೈಯೂ ಅಂಥದ್ದೇ ಆಗಿರಬೇಕು. ಅಕ್ಕನ ಎರಡು ಕೂಸುಗಳೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಅವಳ ಗಂಡ ಹುಣಸಗಿ ಕಡೆಯ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ಇಂಥವಳು ಎಲ್ಲ ಬಿಟ್ಟು ಕೂಸಿನ ಟೊಪ್ಪಿಗೆ ಮಾರಲು ಕೂತಿದ್ದಳು.

ನಾನು ಆಗ ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಸುರಪುರದಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಒಂದು ಕಡೆ ಎರಡು ವರ್ಷ ನಿಂತವನಲ್ಲ; ಆಮೇಲೆ ಯಾದಗಿರಿ, ಅಲ್ಲಿಂದ ಹುಣಸಗಿ. ರವಿವಾರ ಬಂದು ಅಕ್ಕನಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಕೈಚೀಲ ಹೊಲಿ ಎಂದೆ, ದಿಂಬಿನ ಗಲೀಫ ಹೊಲಿ ಎಂದೆ. ಕೊನೆಗೆ, ಮೊಬೈಲಿನಲ್ಲಿ ಹಾಕಿ ಬೆಂಗಳೂರಿನವರಿಗೆ ಮಾರೋಣ, ಅಲ್ಲಿ ಯಾರೂ ಮಕ್ಕಳೆಷ್ಟು ಎಂದು ಕೇಳುವುದಿಲ್ಲ ಎಂದೆ.

"ಬೆಂಗಳೂರಿನ ಕೂಸು ನನಗ್ಯಾಕ? ನಾ ಹೊಲಿದ ಕುಂಚಗಿ ಹಾಕ್ಕೊಂಡು ಈ ಊರಿನ ಕೂಸು ನನ್ನ ಕಣ್ಣ ಮುಂದ ಅಡ್ಡಾಡಬೇಕು," ಎಂದಳು. "ನನ್ನ ಕೈ ನೋಡಿ ಮಾರಿ ತಿರುವಿದವರ ಮನಿ ಕೂಸು."

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಹಸಿವಲ್ಲ, ಹೊತ್ತು ಕಳೆಯುವುದಲ್ಲ. ಇದನ್ನು ಪ್ರೇರಣೆ ಎಂದು ಕರೆಯಬಹುದೋ ಇಲ್ಲವೋ ತಿಳಿಯದು. ಯಾದಗಿರಿಯಲ್ಲಿ ಸ್ವಂತ ಉದ್ಯೋಗ ಮಾಡುವ ಹೆಣ್ಣುಮಕ್ಕಳಿಗೆ ಒಂದು ತರಬೇತಿ ಇತ್ತು. ಒತ್ತಾಯ ಮಾಡಿ ಅವಳನ್ನು ಕರೆದುಕೊಂಡು ಹೋಗಿದ್ದೆ. ಟೈ ಕಟ್ಟಿದ ಒಬ್ಬ ಹುಡುಗ ಉತ್ಸಾಹ ಕುಂದಬಾರದು ಎಂಬುದರ ಬಗ್ಗೆ ಮಾತಾಡಿದ. ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡು ನಗಬೇಕಂತೆ. ಗಿರಾಕಿಗೆ ಬರೀ ವಸ್ತು ಮಾರಬಾರದು, ಅದರ ಜೊತೆ ನಿಮ್ಮ ಕಥೆಯನ್ನೂ ಮಾರಬೇಕು ಎಂದ. ಅಕ್ಕ ಎದ್ದು ನಿಂತು, "ಸರ್ರ, ನನ್ನ ಕಥಿ ಕೇಳಿದ್ರ ಗಿರಾಕಿ ಚಪ್ಪಲಿ ಬಿಟ್ಟು ಓಡ್ತಾರ. ಬ್ಯಾರೆಯವರ ಕಥಿ ಬಾಡಿಗಿಗೆ ಸಿಗ್ತೈತೇನ್ರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಆ ಹುಡುಗನೂ ನಕ್ಕ, ಚಪ್ಪಾಳೆ ತಟ್ಟಿಸಿದ.

ಅವಳು ತಮಾಷೆಗೆ ಕೇಳಿರಲಿಲ್ಲ. ಮುಂದಿನ ವಾರವೇ ಕಥೆಯನ್ನು ಬಾಡಿಗೆಗೆ ಹಿಡಿದಳು.

ನಮ್ಮ ಪಕ್ಕದ ಮನೆಯಾಕೆ ದೋರನಹಳ್ಳಿಯಿಂದ ಬಂದ ಸೊಸೆ. ಗಂಡ ಕುರಿ ಕಾಯುವವನು. ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಪತ್ತೆ ಇಲ್ಲ. ನಾಲ್ಕು ಮಕ್ಕಳು, ನಾಲ್ಕೂ ಕೆಮ್ಮು ನೆಗಡಿಗೆ ಜಗ್ಗದವು. ದಿನಾ ಬೆಳಿಗ್ಗೆ ಬಂದು ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಸೂಜಿ ಹಿಡಿದು ಕೂಡುವುದು ಅವಳ ಕೆಲಸ ಎಂದು ಅಕ್ಕ ಗೊತ್ತುಮಾಡಿದಳು. ಹೊಲಿಯಬೇಕಾಗಿಲ್ಲ. ಅವಳಿಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಸೂಜಿಗೆ ದಾರ ಕೂಡ ಇರುತ್ತಿರಲಿಲ್ಲ. ಗಿರಾಕಿ ಬಂದರೆ ಅರ್ಧ ಆದ ಒಂದು ಕುಂಚಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿ ಆಡಿಸಬೇಕು. ಮಕ್ಕಳೆಷ್ಟು ಎಂದು ಕೇಳಿದರೆ ಓಣಿಯ ಕಡೆ ಕೈ ಮಾಡಿ ತೋರಿಸಬೇಕು. ಅಕ್ಕ ಬಾಗಿಲು ಮುಂದೆ ಮಾಡಿಕೊಂಡು, ಹೊರಗಿನವರಿಗೆ ಕಾಣದಷ್ಟು ಎಳೆದುಕೊಂಡು, ಒಳಗಿನ ಕೋಣೆಯಲ್ಲಿ ಹೊಲಿಯುತ್ತಿದ್ದಳು.

"ನೀನ ಮೂಢನಂಬಿಕೆಗೆ ಗೊಬ್ಬರ ಹಾಕಾಕತ್ತಿ," ಎಂದು ಜಗಳ ತೆಗೆದೆ.

"ಅವರಿಗೆ ಬೇಕಾದದ್ದು ಕುಂಚಗಿ ಅಲ್ಲೋ ತಮ್ಮಾ. ಹೊಲಿದಾಕಿ ಮಕ್ಕಳು. ನನ್ನ ಹತ್ರ ಆ ಮಾಲಿಲ್ಲ, ಬಾಜೂಕಿನಾಕಿ ಹತ್ರ ಐತಿ. ತರಿಸಿ ಇಟ್ಟೀನಿ."

ವ್ಯಾಪಾರ ಹಿಡಿಯಿತು. ಸುರಪುರದಿಂದ, ಕಕ್ಕೇರಾದಿಂದ ಬಸ್ಸು ಹತ್ತಿ ಬಂದರು. ಪಕ್ಕದ ಮನೆಯಾಕೆಗೆ ಮೊದಮೊದಲು ನಾಚಿಕೆ ಇತ್ತು. ನಾನು ಬಂದರೆ ಸೂಜಿ ಮುಚ್ಚಿಡುತ್ತಿದ್ದಳು. ಆಮೇಲಾಮೇಲೆ ಗಿರಾಕಿಗಳಿಗೆ, "ಈ ತುಂಡು ಕೂಡಿಸೋದು ಭಾಳ ತ್ರಾಸ್ರಿ, ಬೆರಳು ತೂತ ಬೀಳ್ತಾವ," ಎಂದು ಹೇಳುವುದು ನನ್ನ ಕಿವಿಗೇ ಬಿತ್ತು. ಬಸುರಿಯರು ಅವಳ ಕೈ ಹಿಡಿದು ಹೊಟ್ಟೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಒಮ್ಮೆ ಅಕ್ಕ ನೀರು ಕುಡಿಯಲು ಹೊರಗೆ ಬಂದಾಗ ಅವಳು ಮೆಲ್ಲಗೆ, "ಅಕ್ಕಾ, ಜರಾ ಒಳಗ ಇರು. ಸುರಪುರದವರು ಬಂದಾರ," ಎಂದಳು. ಅಕ್ಕನ ಮನೆ, ಅಕ್ಕನ ಕಟ್ಟೆ, ಅಕ್ಕನ ನೀರಿನ ಕೊಡ. ಅಕ್ಕ ಚರಿಗೆ ತುಂಬಿಕೊಂಡು ಒಳಗೆ ಹೋದಳು. ಮುಖದಲ್ಲಿ ನಗು ಇತ್ತು ಎಂದು ನನ್ನ ನೆನಪು. ಬೆನ್ನು ಮಾಡಿ ಹೋದವಳ ಮುಖ ನನಗೆ ಹೇಗೆ ಕಂಡಿತೋ ಗೊತ್ತಿಲ್ಲ.

ಒಳಗೆ ಒಂದು ಸಣ್ಣ ಕಿಟಕಿ ಇತ್ತು. ಓಣಿಯಲ್ಲಿ ಯಾರಾದರೂ ಕೂಸು ಎತ್ತಿಕೊಂಡು ಹೋದರೆ ಅಕ್ಕನ ಸೂಜಿ ನಿಲ್ಲುತ್ತಿತ್ತು. "ನೋಡು, ಹಸರು ಗೊಂಡೆ. ನಂದ ಅದು," ಎನ್ನುತ್ತಿದ್ದಳು. "ಅವರವ್ವ ನನ್ನ ಕೈಯಾಗಿಂದ ಕುಂಕುಮ ಸೈತ ಹಚ್ಚಿಸಿಕೊಳ್ಳಲಿಲ್ಲ. ಈಗ ಅವರ ಕುಲದೀಪ ನನ್ನ ಹೊಲಿಗಿ ಹೊತ್ಕೊಂಡು ಜೊಲ್ಲು ಸುರಸಾಕತ್ತಾನ." ಅದನ್ನು ಹೇಳುವಾಗ ಅವಳ ದನಿಯಲ್ಲಿ ಮಮತೆ ಇರುತ್ತಿರಲಿಲ್ಲ, ಆಟದಲ್ಲಿ ಗೆದ್ದವಳ ದನಿ ಅದು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಐದನೆಯದನ್ನು ಹೆತ್ತಳು. ಅಕ್ಕ ಅದಕ್ಕಾಗಿ ಎಂದೂ ಹೊಲಿಯದಂಥ ಕುಂಚಿಗೆ ಹೊಲಿದಳು. ಅಂಚಿನ ತ್ರಿಕೋನಗಳು ಅಕ್ಕಿಕಾಳಿನಷ್ಟು ಸಣ್ಣವು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಯ ಮೇಲೆ ದೋರನಹಳ್ಳಿಯಿಂದ ಬಂದ ಅಂಗಡಿ ಟೊಪ್ಪಿಗೆ ಇತ್ತು, ಪ್ಲಾಸ್ಟಿಕ್ ಹೂ ಅಂಟಿಸಿದ್ದು. ಬಾಣಂತನ ಮುಗಿಸಿ ಅವಳು ಮತ್ತೆ ಕಟ್ಟೆಗೆ ಬಂದ ಮೊದಲ ದಿನ ಅಕ್ಕ ಹೊಲಿದುಕೊಟ್ಟ ಕುಂಚಿಗೆ ಮಾರಾಟದ ಸಾಲಿನಲ್ಲಿ ತೂಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಯಾರೋ ಕೊಂಡೂ ಹೋದರು. ನನಗೆ ಸಿಟ್ಟು ಬಂದು ಮಾತು ತೆಗೆದರೆ ಅಕ್ಕ, "ಚಲೋ ಆತು ಬಿಡು. ಐದಾದುವು. ಇನ್ನ ಮ್ಯಾಲ ಗಿರಾಕಿ ಹೆಚ್ಚು ಬರ್ತಾರ," ಎಂದಳು. ಹಾಗೆಯೇ ಬಂದರು.

ಒಂದು ಮಳೆಗಾಲ ಪಕ್ಕದ ಮನೆಯಾಕೆಯ ನಾಲ್ಕನೆಯ ಕೂಸಿಗೆ ಜ್ವರ ಬಂತು, ಮೂರು ವರ್ಷದ ಹುಡುಗಿ. ಶಹಾಪುರದಲ್ಲಿ ತೋರಿಸಿದರೆ ಯಾದಗಿರಿಗೆ ಒಯ್ಯಿರಿ ಎಂದರು. ಗಂಡ ಕುರಿಯ ಹಿಂದೆ ಎಲ್ಲೋ ಇದ್ದ, ಫೋನು ಹತ್ತುತ್ತಿರಲಿಲ್ಲ. ಉಳಿದ ಮಕ್ಕಳನ್ನು ಅವಳ ಅತ್ತೆಗೆ ಒಪ್ಪಿಸಿ ನಾನೂ ಅಕ್ಕನೂ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಕೂಸಿನ ಕೈಗೆ ಸಲಾಯಿನ್ ಹಾಕಿದರು. ಅಕ್ಕ ದಿನಾ ಶಹಾಪುರದಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು.

ಇತ್ತ ಕಟ್ಟೆ ಖಾಲಿ ಬಿದ್ದಿತ್ತು. ಕಟ್ಟೆಯಾಕೆಯ ಕೂಸು ದವಾಖಾನೆ ಸೇರಿದೆ ಎಂಬ ಸುದ್ದಿ ಹಬ್ಬಿತು. ಸುರಪುರದವರು ಹೇಳಿಟ್ಟಿದ್ದ ಕುಂಚಿಗೆ ಬೇಡವೆಂದರು. ಒಬ್ಬ ಮುದುಕಿ ತೆಗೆದುಕೊಂಡು ಹೋಗಿದ್ದನ್ನೇ ವಾಪಸು ತಂದು, "ಆ ಕೂಸು ಉಳಿದ ಮ್ಯಾಲ ಒಯ್ತೀನವ್ವಾ," ಎಂದು ಇಟ್ಟು ಹೋದಳು.

ಯಾದಗಿರಿಯ ಬಸ್ಸಿನಲ್ಲಿ ಅಕ್ಕ ಒಂದೇ ಸಮ ತುಟಿ ಕಚ್ಚುತ್ತಿದ್ದಳು. "ಈ ಚಿಂತಿ ಕೂಸಿಗೋ, ದುಕಾನಕ್ಕೋ?" ಎಂದು ಕೇಳಿದೆ. ಕ್ರೂರವಾದ ಪ್ರಶ್ನೆ, ಆದರೆ ನನಗೆ ನಿಜಕ್ಕೂ ತಿಳಿಯಬೇಕಾಗಿತ್ತು.

"ಎರಡಕ್ಕೂ. ಯಾಕ, ಒಂದಕ್ಕ ಮಾಡಬೇಕಂತ ನಿಮ್ಮ ಪುಸ್ತಕದಾಗ ಬರದೈತೇನು?"

ವಾರ್ಡಿನಲ್ಲಿ ನಡೆದದ್ದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಮಧ್ಯಾಹ್ನದ ಹೊತ್ತು. ಪಕ್ಕದ ಮನೆಯಾಕೆ ಕೂತಲ್ಲೇ ಗೋಡೆಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಕೂಸು ನೀರು ನೀರು ಎಂದು ಕನವರಿಸಿತು. ಅಕ್ಕ ಬುತ್ತಿಗಂಟು ಕೆಳಗಿಟ್ಟು, ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಕೂಸಿನ ಹಣೆಯ ಕಡೆ ಕೈ ಚಾಚಿದಳು. ತಾಯಿಗೆ ಎಚ್ಚರವಾಯಿತು. ಅಕ್ಕನ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಮುಟ್ಟಬ್ಯಾಡ."

ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ.

"ನೀ ಚಲೋದಾಕಿ ಇದ್ದೀ. ನಿನ್ನ ಕೈ ಚಲೋದಲ್ಲ," ಎಂದಳು ಅವಳು.

ವರ್ಷಗಟ್ಟಲೆ ಆ ಕೈ ಹೊಲಿದದ್ದನ್ನು ತನ್ನದೆಂದು ಹೇಳಿಕೊಂಡು ಕೂತವಳು. ಆ ಕೈಯ ಕಮಾಯಿ ಉಂಡವಳು. ನಾನು ಬಾಗಿಲಲ್ಲಿ ನಿಂತು ಇದನ್ನು ನೋಡಿದೆ ಎಂದೇ ಬಹಳ ದಿನ ನಂಬಿದ್ದೆ. ಆದರೆ ಅದೇ ಹೊತ್ತಿಗೆ ನರ್ಸ್ ನನ್ನನ್ನು ರಕ್ತಪರೀಕ್ಷೆಯ ಚೀಟಿ ತರಲು ಕೆಳಗೆ ಕಳಿಸಿದ್ದಳು ಎಂಬುದೂ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಅಕ್ಕ ಇಂಥದ್ದನ್ನೆಲ್ಲ ಹೇಳಿಕೊಳ್ಳುವವಳಲ್ಲ. ಬಹಳ ದಿನ ಬಿಟ್ಟು ಪಕ್ಕದ ಮನೆಯಾಕೆಯನ್ನೇ ಕೇಳಿದೆ. "ಹಾಂಗ ಅಂದಿಲ್ಲ ಬಿಡ್ರಿ ಅಣ್ಣಾರ. ಜ್ವರ ಅಂಟ್ತೈತಿ, ದೂರ ಇರು ಅಂದೀನಿ," ಎಂದಳು, ನನ್ನ ಕಣ್ಣು ತಪ್ಪಿಸದೆ. ಅವಳ ಮಾತೇ ನಿಜವಿರಬಹುದು. ಮರುದಿನದಿಂದ ಅಕ್ಕ ಬುತ್ತಿಯನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲಿಟ್ಟು ಬರತೊಡಗಿದಳು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ನನ್ನ ಕೈಯಲ್ಲೇ ಅದನ್ನು ಒಳಗೆ ಕಳಿಸುತ್ತಿದ್ದಳು.

ಕೂಸು ಉಳಿಯಿತು. ಮನೆಗೆ ಬಂದ ನಾಲ್ಕಾರು ದಿನಕ್ಕೆ ಮತ್ತೆ ಕಟ್ಟೆ ತುಂಬಿತು. ಪಕ್ಕದ ಮನೆಯಾಕೆ ಈಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಬಂದವರೆಲ್ಲ ಕೂಸಿನ ಗಲ್ಲ ಹಿಡಿದು ನೋಡಿದರು. ಸಾವಿನ ಬಾಯಿಂದ ತಿರುಗಿ ಬಂದದ್ದು ಎಂದು ಅವಳು ಸಾರಿದಳು. ಮುದುಕಿ ತಾನು ಬಿಟ್ಟು ಹೋದ ಕುಂಚಿಗೆಯನ್ನು ಒಯ್ದಳು, ಜೊತೆಗೆ ಇನ್ನೊಂದನ್ನೂ.

ಒಳಗಿನಿಂದ ಅಕ್ಕ ಕೂಗಿದಳು. "ಹುಡುಗಿ ತೆಲಿಮ್ಯಾಲ ಒಂದು ಕುಂಚಗಿ ಹಾಕು. ಗಿರಾಕಿ ನೋಡ್ತಾರ."

"ಭಾಳ ಶಕಿ ಐತ್ಯಕ್ಕಾ. ಹುಡುಗಿ ತಡಕೊಳ್ಳಂಗಿಲ್ಲ," ಎಂದಳು ಅವಳು. ಗಿರಾಕಿಯೊಬ್ಬಳ ಕೂಸಿಗೆ ಅದೇ ಹೊತ್ತಿನಲ್ಲಿ ಅವಳೇ ಕುಂಚಿಗೆ ಕಟ್ಟುತ್ತಿದ್ದಳು. ಬೇರೆಯವರ ಮಕ್ಕಳಿಗೆ ಸೆಕೆ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಕೋಣೆಯೊಳಗೆ ಹೋಗಿ, "ಆಕಿನ್ನ ನಾಳಿಂದ ಬರಬ್ಯಾಡ ಅನ್ನು. ನೀನ ಹೋಗಿ ಕಟ್ಟಿಮ್ಯಾಲ ಕೂಡು. ಇಷ್ಟು ಮನಿ ಕೂಸಿನ ತೆಲಿಮ್ಯಾಲ ನಿನ್ನ ಹೊಲಿಗಿ ಐತಿ, ಏನೂ ಆಗಿಲ್ಲ ಅಂತ ಊರಿಗೆಲ್ಲ ಸಾರಿ ಹೇಳು," ಎಂದೆ. ಅದು ಪ್ರಯೋಗದಲ್ಲಿ ಸಿದ್ಧವಾದ ಸಾಕ್ಷ್ಯ ಎಂದು ನನಗೆ ತೋರಿತ್ತು.

"ಹೇಳಿದ್ರ ಏನಾಗ್ತೈತಿ ಗೊತ್ತೈತೇನು? ಇಷ್ಟ್ರಾಗ ಯಾವ ಕೂಸಿಗೆ ನೆಗಡಿ ಆಗೈತಿ, ಯಾವುದು ಬಿದ್ದು ಹಲ್ಲು ಮುರ್ಕೊಂಡೈತಿ, ಎಲ್ಲಾ ನನ್ನ ಹೆಸರಿಗೆ ಬರ್ತೈತಿ." ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ಮತ್ತ ಆಕಿನ್ನ ಯಾಕ ಇಟ್ಕೊಂಡಿ? ಬ್ಯಾರೆ ಮಂದಿ ಸಿಗೂದಿಲ್ಲೇನು, ಮಕ್ಕಳು ಇರೂ ಮಂದಿ?"

"ಸಿಗ್ತಾರ. ನಾಟಕ ಮಾಡವ್ರು ಸಿಗ್ತಾರ. ಇಕಿ ಹಾಂಗಲ್ಲ," ಎಂದಳು ಅಕ್ಕ. "ಇಕಿ ಖರೇ ನಂಬ್ಯಾಳ, ನನ್ನ ಕೈ ಕೆಟ್ಟೈತಿ ಅಂತ. ನಂಬಿದಾಕಿ ಚಲೋ ಮಾರ್ತಾಳ."

ಅಕ್ಕ ಕೆಂಪು ಖಣದ ಇನ್ನೊಂದು ತುಂಡನ್ನು ಎಳೆದುಕೊಂಡು, ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದಳು. ಹೊರಗೆ ಯಾರೋ ಹೊಸಬರು ಬಂದ ಸದ್ದಾಯಿತು. ಮಕ್ಕಳೆಷ್ಟು ಎಂದು ಕೇಳಿದರು. "ಐದ್ರಿ. ಐದೂ ಗಟ್ಟಿ ಅದಾವ," ಎಂಬ ಮಾತು ಕೇಳಿಸಿತು.

"ಬಾಗಲಾ ಪೂರಾ ತೆಗದ ಬಂದೀಯಲ್ಲೋ," ಎಂದಳು ಅಕ್ಕ ತಲೆ ಎತ್ತದೆ. "ಮುಂದ ಮಾಡು. ನಾ ಕಾಣ್ತೀನಿ."