ದೊಡ್ಡವ್ವನ ದಿಂಬಿನ ಲೆಕ್ಕ

ದೊಡ್ಡವ್ವನ ಬೆರಳ ತುದಿ ಯಾವಾಗಲೂ ನೀಲಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಕೈಯೆಲ್ಲ ಹಾಗೆಯೇ. ಬಣ್ಣ ಉಗುರಿನ ಸಂದಿಗೆ ಇಳಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಅವಳು ರೊಟ್ಟಿ ತಂದುಕೊಟ್ಟರೆ, ನೀಲಿ ರೊಟ್ಟಿ ಬಂತು ಎಂದು ನಾನು ಛೇಡಿಸುತ್ತಿದ್ದೆ. ರಕ್ತಸಂಬಂಧವೇನೂ ಅಲ್ಲ. ಸಿರುಗುಪ್ಪದ ಕಡೆಯ ಕರೂರಿನವಳು, ಒಂಟಿ ಜೀವ, ಸರ್ಕಾರ ಕಟ್ಟಿಸಿಕೊಟ್ಟ ಕಾಲೋನಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದಳು. ಇಡೀ ಕಟ್ಟಡಕ್ಕೆ ದೊಡ್ಡವ್ವ. ಕಾಲಲ್ಲಿ ಚಕ್ರ ಇದ್ದವಳು.

ನಮ್ಮ ಮನೆಗಳ ಹಿಂಗೋಡೆಯ ಪೈಪು ಸೋರಿ ಹನ್ನೆರಡು ತಿಂಗಳೂ ಹಸಿ, ಮೇಲೆ ಕರಿ ಬೂಷ್ಟು. ದಮ್ಮು ಹತ್ತಿ ಎಷ್ಟೋ ಜನ ಏದುಸಿರು ಬಿಡುತ್ತಿದ್ದರು. ಪೈಪು ಬದಲಿಸಿ ಎಂದು ಕೇಳಲು ಹೋದರೆ ಕಚೇರಿಯ ಸಾಹೇಬರು, ಗೋಡೆಯಿಂದಲೇ ದಮ್ಮು ಅಂತ ಏನು ಗ್ಯಾರಂಟಿ, ಯಾವ ಯಾವ ಮನೆಯಲ್ಲಿ ಎಷ್ಟು ಜನಕ್ಕಿದೆ ಬರೆದುಕೊಂಡು ಬನ್ನಿ ಎಂದರು. ಬರೆಯೋಣ ನಡಿ ಎಂದಳು ದೊಡ್ಡವ್ವ. ಅವಳು, ನಾನು, ಇನ್ನೂ ನಾಲ್ವರು ಹೆಂಗಸರು. ಡಿಗ್ರಿ ಓದಿದವಳು ಬಾದನಹಟ್ಟಿಯಿಂದ ಸೊಸೆಯಾಗಿ ಬಂದ ನಾನೊಬ್ಬಳೇ. ಹಾಗಾಗಿ ಪ್ರಶ್ನೆ ಬರೆಯುವ ಗತ್ತು ನನ್ನದು.

‘ಮನೆಯಲ್ಲಿ ಯಾರಿಗಾದರೂ ಕೆಮ್ಮು, ದಮ್ಮು ಇದೆಯೇ?’ ಒಂದು ವಾರ ಬಾಗಿಲು ಬಡಿದೆವು. ಎಲ್ಲರೂ ಇಲ್ಲ ಎಂದರು. ಕೆಮ್ಮುತ್ತಲೇ ಇಲ್ಲ ಎಂದರು! ತಲೆ ಕೆಟ್ಟು, ಹಾಳಾಗಿ ಹೋಗಲಿ ಎಂದು ಹಾಳೆಗಳನ್ನು ದೊಡ್ಡವ್ವನ ಮಿಷನ್ ಮೇಲೆ ಎಸೆದೆ.

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. “ಮದಿವಿಗಿ ಬಂದ ಹುಡುಗ್ಯಾರು ಅದಾರ ಮನ್ಯಾಗ. ಕೆಮ್ಮು ಅಂದ್ರ ಟಿ.ಬಿ. ಅಂತ ಸುದ್ದಿ ಆಗತೈತಿ. ಹೂಂ ಅಂತಾರೇನಲೇ? ಎಷ್ಟು ದಿಂಬು ಹಾಕ್ಕಂಡು ಮಕ್ಕಂತೀರಿ ಅಂತ ಕೇಳು. ದಿಂಬಿಗೇನು ಮಾನ ಹೋಗತೈತಿ?”

ದಮ್ಮಿನವರು ಅಂಗಾತ ಮಲಗಲಾರರು, ತಲೆ ಎತ್ತರಿಸಿಕೊಂಡೇ ಮಲಗಬೇಕು. ಇಷ್ಟು ಓದಿದ ನನಗೆ ಹೊಳೆದಿರಲಿಲ್ಲ. ಮತ್ತೆ ಹೋದೆವು. ಜನ ನಗುತ್ತ ಹೇಳಿದರು: ಅತ್ತೆಗೆ ಮೂರು, ಯಜಮಾನರಿಗೆ ಎರಡು, ಮೇಲೊಂದು ಮಡಿಸಿದ ಕೌದಿ. ಹಸಿ ಗೋಡೆಯ ಸಾಲಿನಲ್ಲಿ ದಿಂಬು ಏರುತ್ತ ಹೋದವು. ಪೈಪಿಲ್ಲದ ಒಣಗೋಡೆಯ ಸಾಲಿನಲ್ಲಿ ಒಂದೊಂದೇ. ಆರೋಗ್ಯ ಕೇಂದ್ರದ ಡಾಕ್ಟರು ಹಾಳೆ ನೋಡಿ, ಈ ಪ್ರಶ್ನೆ ಯಾರದು ಎಂದು ಎರಡು ಸಲ ಕೇಳಿದರು. ಅವರ ಸಹಿ ಬಿದ್ದ ಮೇಲೆ ಸಾಹೇಬರೂ ಒಪ್ಪಿದರು.

ದೊಡ್ಡವ್ವ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕುರುಗೋಡಿನಲ್ಲೂ ಇಂಥವೇ ಮನೆಗಳಿವೆಯಂತೆ ಎಂದು ನನ್ನನ್ನು ಬಸ್ಸು ಹತ್ತಿಸಿದಳು. ಅಲ್ಲಿ ಮೆಟ್ಟಿಲ ಮೇಲೆ ಎರಡು ಸಲ ಕೂತಳು. ಮೊಣಕಾಲು ಎಂದಳು, ನಂಬಿದೆ. ತನ್ನ ಮನೆಯ ಹಾಳೆಯಲ್ಲಿ ‘ದಿಂಬು ಒಂದು’ ಎಂದು ತಾನೇ ತುಂಬಿದ್ದಳು. ಅದನ್ನೂ ನಂಬಿದೆ.

ಪೈಪು ಬದಲಿಸುವ ವಾರವೇ ಅವಳು ಮಿಷನ್ ಮೇಲೆ ಕುಸಿದಳು. ಆಸ್ಪತ್ರೆಯಲ್ಲಿ ನರ್ಸು ಬೆರಳಿಗೆ ಕ್ಲಿಪ್ಪು ಹಾಕುತ್ತ, ಉಗುರು ಯಾವಾಗಿನಿಂದ ನೀಲಿ ಎಂದು ಕೇಳಿದಳು. ಅದು ಜೀನ್ಸಿನ ಬಣ್ಣ ಸಿಸ್ಟರ್ ಎಂದೆ. ನಗುತ್ತಲೇ ಹೇಳಿದೆ. ಅವಳು ಸ್ಪಿರಿಟ್ ಹಾಕಿದ ಹತ್ತಿಯಿಂದ ತಿಕ್ಕಿದಳು. ಹತ್ತಿಗೆ ಒಂದಿಷ್ಟು ಬಣ್ಣ ಬಂತು. ಉಗುರಿನ ಅಡಿಯ ನೀಲಿ ಹಾಗೇ ಉಳಿಯಿತು. ಇದು ಉಸಿರು ಸಾಲದೆ ಬಂದ ನೀಲಿ ಎಂದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ದೊಡ್ಡವ್ವ ಕಣ್ಣು ಬಿಟ್ಟಾಗ, ದಿಂಬು ಒಂದು ಅಂತ ಯಾಕೆ ಸುಳ್ಳು ಬರೆದೆ ಎಂದು ಕೇಳಿದೆ.

“ಕೇಳಾಕಿನೇ ದಮ್ಮಿನಾಕಿ ಅಂದ್ರ, ತನ್ನ ಸಲುವಾಗಿ ಬಂದಾಳ ಅಂತಿದ್ರು ಸಾಹೇಬ್ರು. ಎಲ್ಲಾರ ಹಾಳಿ ಕೆಡತಿತ್ತು,” ಎಂದಳು.

ಮೂರನೆಯ ದಿನ ಹೋಗಿಬಿಟ್ಟಳು. ಮನೆ ಗುಡಿಸಲು ಹೋದಾಗ, ಹೊಲಿಯಲು ತಂದಿಟ್ಟಿದ್ದ ಜೀನ್ಸ್ ರಾಶಿಯ ಕೆಳಗೆ ಚಿಂದಿ ತುಂಬಿದ ನಾಲ್ಕು ದಿಂಬು ಸಿಕ್ಕವು. ಹಿಂಗೋಡೆ ಆಗಷ್ಟೇ ಒಣಗತೊಡಗಿತ್ತು. ದಿನಕ್ಕೆರಡು ಸಲ ಆ ಮನೆಗೆ ಹೋಗುತ್ತಿದ್ದವಳು ನಾನು. ಊರವರನ್ನೆಲ್ಲ ಕೇಳಿದ್ದನ್ನು ಅವಳೊಬ್ಬಳನ್ನು ಕೇಳಿರಲಿಲ್ಲ.

ಕುರುಗೋಡಿನ ದಿಂಬಿನ ಲೆಕ್ಕ ಮುಗಿದು ಈಗ ಸಿರುಗುಪ್ಪದ್ದು ನಡೆದಿದೆ. ಕೂತರೆ ನನಗೂ ಸಮಾಧಾನವಿಲ್ಲ. ಬಸ್ಸು ಹತ್ತುವ ಮೊದಲು ಗುಂಪಿನ ಉಳಿದ ನಾಲ್ವರ ಬೆರಳು ನೋಡುತ್ತೇನೆ, ದಿಂಬು ಎಷ್ಟು ಎಂದು ಕೇಳುತ್ತೇನೆ. ಒಂದೇ ಎಂದವರ ಮನೆಗೆ ನುಗ್ಗಿ ಎಣಿಸುತ್ತೇನೆ.