ಹಿಂದಿನ ಸೀಟಿನ ತಕರಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಗ್ಯಾರೇಜಿನಲ್ಲಿ ಹಳೆಯ ವ್ಯಾನೊಂದರ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿವೆ. ಕಾಲು ಮೇಸ್ತ್ರಿಯವು, ಗೊಣಗಾಟವೂ ಅವರದೇ. "ನಿನ್ನನ್ನ ಓಡಿಸ್ತಾ ಇದ್ರಾ, ತಳ್ತಾ ಇದ್ರಾ?" ಎಂದು ವ್ಯಾನನ್ನೇ ವಿಚಾರಿಸುತ್ತಿದ್ದಾರೆ. ಅದು ಉತ್ತರವಾಗಿ ಅವರ ಕುತ್ತಿಗೆಗೆ ಎರಡು ಹನಿ ಆಯಿಲ್ ಬೀಳಿಸುತ್ತದೆ.

ಜನ ಇವರಿಗೆ ಇಟ್ಟಿರುವ ಹೆಸರು ಕಿರಿಕಿರಿ ಮೇಸ್ತ್ರಿ. ಹೊಸ ಗಾಡಿಗಳಿಗೆ ದೊಡ್ಡ ಶೋರೂಮುಗಳಿವೆ. ಅಲ್ಲಿನವರು ಗೇಟಿನಲ್ಲೇ ಕೈಮುಗಿದು ಕಳಿಸುವ ಮುದಿ ವ್ಯಾನುಗಳೆಲ್ಲ ಕೊನೆಗೆ ಇಲ್ಲಿಗೇ, ದಿನಕ್ಕೆ ನಾಲ್ಕೋ ಐದೋ. ಒಂದಕ್ಕೆ ಗೇರು ಬೀಳುವುದಿಲ್ಲ, ಇನ್ನೊಂದರ ಇಂಜಿನ್ ನಟ್ಟನಡು ರಸ್ತೆಯಲ್ಲಿ ನಿಂತುಹೋಗುತ್ತದೆ, ಮತ್ತೊಂದರ ನೆಲ ತುಕ್ಕು ತಿಂದು ಕಾಲಡಿಯಲ್ಲೇ ರಸ್ತೆ ಕಾಣುತ್ತದೆ. ಮಾಲೀಕರು ಹೇಳುವ ತಕರಾರು ಮಾತ್ರ ಎಸಿ ತಂಪಿಲ್ಲ, ಹಾರ್ನಿಗೆ ಗತ್ತಿಲ್ಲ ಎಂಬುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬ್ರೇಕಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಅದರ ಬಲ್ಬು ಕಿತ್ತುಬಿಡಿ ಎಂದವರೂ ಇದ್ದಾರಂತೆ. ಇವರ ಬಗ್ಗೆ ಬರೆಯಲು ಬಂದಿರುವ ನನಗೇ ಅದನ್ನು ಕೇಳಿ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

"ಓಡಿಸೋರು ಮುಂದೆ ಕೂತಿರ್ತಾರೆ, ಕಷ್ಟ ಇರೋದು ಹಿಂದೆ," ಎನ್ನುತ್ತಾರೆ ಮೇಸ್ತ್ರಿ. "ಹಿಂದೆ ಕೂತೋರು ಗ್ಯಾರೇಜಿಗೆ ಬರಲ್ಲ."

ಮೊಣಕಾಲು ಕೈಕೊಡುವವರೆಗೆ ಇವರೂ ವ್ಯಾನ್ ಡ್ರೈವರೇ. ಹಾಗಾಗಿ ಅವರದೊಂದು ಪದ್ಧತಿಯಿದೆ. ರಿಪೇರಿಗೆ ಮೊದಲು ಮಾಲೀಕರನ್ನು ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿ, ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ತಾವೇ ಒಂದು ಸುತ್ತು ಓಡಿಸುತ್ತಾರೆ. ಹಾಗೆ ಕೂತವರಲ್ಲಿ ಅರ್ಧಕ್ಕರ್ಧ ಜನ, ಮೇಸ್ತ್ರಿಗೆ ಓಡಿಸಲು ಬರುವುದಿಲ್ಲ ಎಂದು ಬೈದು ಬೇರೆ ಗ್ಯಾರೇಜು ಹಿಡಿದಿದ್ದಾರೆ. ಗಿರಾಕಿ ಓಡಿಸುವುದರಲ್ಲಿ ಇವರು ಎತ್ತಿದ ಕೈ ಎನ್ನುತ್ತಾರೆ, ಮೂಲೆಯಲ್ಲಿ ಹರಿದ ಸೀಟು ಹೊಲಿಯುತ್ತಿರುವ ಹೆಂಡತಿ. ಮನೆಯ ವ್ಯಾನಿನ ವೈಪರ್ ಎರಡು ಮಳೆಗಾಲದಿಂದ ಕೆಟ್ಟಿದೆಯೆಂದೂ ಸೇರಿಸುತ್ತಾರೆ. ದೀಪದ ಬುಡದಲ್ಲಿ ಕತ್ತಲು. ಮೇಸ್ತ್ರಿ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಈಗ ಬಂದಿರುವ ವ್ಯಾನು ಆ ಹೆಂಡತಿಯ ತಮ್ಮನದು. ಶಾಲೆ ಮಕ್ಕಳನ್ನು ಕರೆದೊಯ್ಯುವ ಗಾಡಿ. ಸ್ಲೈಡಿಂಗ್ ಡೋರಿನ ಲಾಕು ಸವೆದಿದೆ, ಹಾಕಿದಂತೆ ಕಾಣುತ್ತದೆ, ಹಿಡಿಯುವುದಿಲ್ಲ. ಭಾಮೈದನಿಗೆ ಆತುರ. ಇನ್ನರ್ಧ ಗಂಟೆಯಲ್ಲಿ ಮೊದಲ ಮಗುವಿನ ಮನೆ ಮುಂದೆ ಇರಬೇಕು, ತಾನೇ ಹಗ್ಗ ಕಟ್ಟಿದ್ದೇನೆ, ಅಷ್ಟು ಸಾಕು ಎಂಬುದು ಅವನ ವಾದ. ಮೇಸ್ತ್ರಿ ಕೀ ಜೇಬಿಗಿಳಿಸಿದ್ದಾರೆ. ಸ್ವಂತ ಮನೆಯವರ ಹತ್ತಿರವೂ ಈ ಹಟವೇ, ಭಾವನಿಗೆ ನೀನಾದರೂ ಹೇಳು ಎಂದು ಅವನು ಅಕ್ಕನ ಮೊರೆಹೋಗುತ್ತಾನೆ.

ಅಕ್ಕ ಸೂಜಿಯಿಂದ ಕಣ್ಣೆತ್ತುವುದಿಲ್ಲ. "ಹೋಗಿ ಹಿಂದೆ ಕೂತ್ಕೊ."

ಮುಖ ಊದಿಸಿಕೊಂಡು ಕೂರುತ್ತಾನೆ. ನಾನು ಮುಂದೆ ಹತ್ತುತ್ತೇನೆ. ವ್ಯಾನು ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೊರಡುತ್ತದೆ. ಗೋಡೆಯ ಬಳಿ ತಿರುಗಿದಾಗ ಹಗ್ಗ ಸಡಿಲಾಗಿ, ಬಾಗಿಲು ಗರಗರನೆ ಪೂರ್ತಿ ತೆರೆದುಕೊಳ್ಳುತ್ತದೆ. ಪಕ್ಕದಲ್ಲೇ ನೆಲ ಓಡುತ್ತಿದೆ. ಭಾಮೈದ ಎರಡೂ ಕೈಯಲ್ಲಿ ನನ್ನ ಸೀಟನ್ನು ತಬ್ಬಿಕೊಂಡಿದ್ದಾನೆ, ವ್ಯಾನು ನಿಂತರೂ ಬಿಡುವುದಿಲ್ಲ. ನನಗೂ ಭಯವಾಗಿದೆ.

"ಅಲ್ಲಿ ದಿನಾ ಯಾರು ಕೂರ್ತಾರೆ?" ಮೇಸ್ತ್ರಿ ತಿರುಗದೆಯೇ ಕೇಳುತ್ತಾರೆ.

"ಎಲ್ಲರಿಗಿಂತ ಚಿಕ್ಕೋಳು," ಎನ್ನುತ್ತಾನೆ ಭಾಮೈದ. "ಇಳಿಯೋಕೆ ಸುಲಭ ಆಗಲಿ ಅಂತ ನಾನೇ ಕೂರಿಸಿದ್ದು."

ಭಾಮೈದ ಕೂತಲ್ಲಿಂದಲೇ ಮನೆಮನೆಗೆ ಫೋನು ಹಚ್ಚಿ, ಲಾಕು ಬದಲಾಗುವ ತನಕ ವ್ಯಾನು ಬರುವುದಿಲ್ಲವೆಂದು ಹೇಳತೊಡಗುತ್ತಾನೆ. ಆ ಕಡೆಯಿಂದ ಬೈಗುಳ ನಮಗೂ ಕೇಳಿಸುತ್ತದೆ.

ಇಷ್ಟೆಲ್ಲ ಕಿರಿಕಿರಿಯ ನಡುವೆ ನಿಮಗೇನು ಆಸೆ ಎಂದು ಕೆಳಗಿಳಿದ ಮೇಸ್ತ್ರಿಯನ್ನು ಕೇಳುತ್ತೇನೆ. ಅವರು ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ನನಗೂ ಸಾಕಾಗಿದೆ. ಹಿಂದೆ ಏನು ಸರಿಯಿಲ್ಲ ಅಂತ ನಾನು ಕೇಳೋ ಮೊದಲೇ ಯಾರಾದ್ರೂ ಹೇಳ್ಬೇಕು. ಒಂದ್ ಸಲ ಸಾಕು."

ವ್ಯಾನಿನೊಳಗಿಂದ ಭಾಮೈದನ ದನಿ ಬರುತ್ತದೆ. "ಭಾವ, ಇಲ್ಲಿ ಬೆಲ್ಟೂ ಬಿಚ್ಚೋಕೆ ಬರ್ತಿಲ್ಲ."

ಮೇಸ್ತ್ರಿ ಹೆಂಡತಿಯ ಕಡೆ ನೋಡುತ್ತಾರೆ. ಬೆಳಗಿನಿಂದ ಗಂಟಿಕ್ಕಿದ್ದ ಮೇಸ್ತ್ರಿಯ ಹುಬ್ಬು ಈಗ ಸಡಿಲಾಗಿದೆ.

"ಕೇಳಿಸ್ತಾ? ನಾನಿನ್ನೂ ಕೇಳಿರ್ಲಿಲ್ಲ, ಅವನೇ ಹೇಳ್ದ."