ಕಡಲಿಗೆ ಬೆನ್ನು ಹಾಕಿದ ಮನೆಗಳು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಜಯನಗರದಿಂದ ರಾಮೇಶ್ವರ ದ್ವೀಪಕ್ಕೆ ಹೊರಟೆ. ಮನೆಯಲ್ಲಿ ಯಾತ್ರೆ ಎಂದಿದ್ದೆ. ನಿಜವಾಗಿ ಹೊರಟಿದ್ದು ಯಾರು ಹೇಳಿದ್ದು ತಪ್ಪು ಎಂದು ನೋಡಲು: ನಾನೋ, ಎಂಟನೇ ಕ್ಲಾಸಿನ ಸೆಲ್ವಿಯೋ. ನಾನು ಭೂಗೋಳದ ಮೇಷ್ಟ್ರು, ಆದರೆ ಅಲ್ಲಿಯವರೆಗೆ ಕಡಲನ್ನೇ ಕಂಡವನಲ್ಲ. ಸೆಲ್ವಿಯ ಅಪ್ಪ ಆ ದ್ವೀಪದಿಂದ ಬಂದು ಬನಶಂಕರಿಯಲ್ಲಿ ಗಾರೆ ಕೆಲಸ ಮಾಡುತ್ತಿದ್ದವನು. ದ್ವೀಪದ ಜನ ದಡದಲ್ಲೇ ವಾಸಿಸುತ್ತಾರೆ ಎಂದು ನಾನು ಪಾಠ ಮಾಡುತ್ತಿದ್ದಾಗ ಅವಳು ಎದ್ದು, "ನಮ್ಮಜ್ಜಿ ಊರಲ್ಲಿ ದಡದಲ್ಲಿ ಯಾರೂ ಮನೆ ಕಟ್ಟಲ್ಲ ಸಾರ್, ದಿಣ್ಣೆ ಹಿಂದೆ ಕಟ್ತಾರೆ" ಅಂದಳು. "ಕಥೆ ಕಟ್ಬೇಡ, ಕೂತ್ಕೋ" ಎಂದು ಎಲ್ಲರೆದುರು ಗದರಿದೆ. ಆಮೇಲೆ ಆ ಹುಡುಗಿ ನನ್ನ ಪಾಠದಲ್ಲಿ ಬಾಯೇ ಬಿಡಲಿಲ್ಲ. ಅದು ನನ್ನನ್ನು ಕೊರೆಯುತ್ತಿತ್ತು.

ಮದುರೈವರೆಗೆ ಬಸ್ಸು, ಮುಂದೆ ಪ್ಯಾಸೆಂಜರ್ ರೈಲು. ಆಗ ದ್ವೀಪಕ್ಕೆ ರೈಲೊಂದೇ ದಾರಿ. ಸೇತುವೆಯ ಮೇಲೆ ಎರಡೂ ಕಡೆ ನೀರು ಕಂಡಾಗ, ಅಬ್ಬಾ, ಕಿಟಕಿ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ! ಪಾಂಬನ್‌ನಲ್ಲಿ ಇಳಿದರೆ ಜಟಕಾದವನು ಎರಡು ರೂಪಾಯಿ ಕೇಳಿದ. ಜಿಪುಣ ನಾನು, ಶಾಲೆಯ ದಾಖಲೆಯಲ್ಲಿದ್ದ ಸೆಲ್ವಿಯ ಊರಿನ ಹೆಸರು ವಿಚಾರಿಸುತ್ತಾ ಸುಡುವ ಮರಳಲ್ಲಿ ನಡೆದೇ ಹೋದೆ.

ದಡದಲ್ಲಿ ದೋಣಿ, ಬಲೆ, ಒಣಮೀನು ಇದ್ದವು, ಮನೆ ಒಂದೂ ಇರಲಿಲ್ಲ. ಸ್ವಲ್ಪ ಒಳಗೆ ಆಳೆತ್ತರದ ಮರಳು ದಿಣ್ಣೆ ಕೆರೆ ಏರಿಯ ಹಾಗೆ ಉದ್ದಕ್ಕೂ ಹಬ್ಬಿತ್ತು. ಹತ್ತಿ ಇಳಿದರೆ ತೆಂಗು, ಬಾವಿ, ಗುಡಿಸಲುಗಳ ಸಾಲು. ಎಲ್ಲ ಮನೆಗಳೂ ಕಡಲಿಗೆ ಬೆನ್ನು ಹಾಕಿದ್ದವು. ನನ್ನ ಪಾಠವೆಲ್ಲ ಪುಸ್ತಕದ ಬದನೆಕಾಯಿ!

ಬೆಂಗಳೂರಿನ ಗಾರೆಯವನ ಮನೆ ಎಂದು ಕೇಳಿ ಸೆಲ್ವಿಯ ಅಜ್ಜಿಯನ್ನು ಕಂಡು, ಅವಳ ಮೇಷ್ಟ್ರು ಎಂದೆ. ಬಾವಿಯಿಂದ ಸೇದಿ ನೀರು ಕೊಟ್ಟರು, ಸಿಹಿಯಾಗಿತ್ತು. ನನ್ನ ಹರಕು ತಮಿಳಿಗೆ ತಿಳಿದಷ್ಟು ಇದು: ಹಿಂದೆ ಕಡಲು ಈ ದಿಣ್ಣೆವರೆಗೂ ಇತ್ತು, ಬಾವಿ ತೋಡುವಾಗ ಬರೀ ಚಿಪ್ಪು ಸಿಕ್ಕಿತ್ತು. ದಿಣ್ಣೆ ಗಾಳಿ ತಡೆಯುತ್ತದೆ, ಮಳೆ ನೀರು ಹಿಡಿದಿಡುತ್ತದೆ. ದಡದಲ್ಲಿ ತೋಡಿದರೆ ಉಪ್ಪುನೀರು.

ಹೊರಡುವಾಗ ಅಜ್ಜಿ, "ನಮ್ಮ ಮಗು ಚೆನ್ನಾಗಿ ಓದ್ತಾಳಾ ಸಾರ್?" ಎಂದರು. ನಾಚಿಕೆಯಾಯಿತು. ಬರೀ ತಲೆಯಾಡಿಸಿ ಬಂದೆ.

ಶಾಲೆ ಶುರುವಾದ ದಿನ, ಒಂಬತ್ತಕ್ಕೆ ಬಂದಿದ್ದ ಅದೇ ಮಕ್ಕಳೆದುರು ಬೋರ್ಡಿನ ಮೇಲೆ ದ್ವೀಪದ ಚಿತ್ರ ಬರೆದು, "ನಾನು ಹೇಳಿಕೊಟ್ಟಿದ್ದು ತಪ್ಪು ಮಕ್ಕಳೇ. ಸೆಲ್ವಿ ಹೇಳಿದ್ದೇ ಸರಿ, ಅವಳ ಊರಿಗೆ ಹೋಗಿ ನೋಡ್ಕೊಂಡು ಬಂದೆ" ಎಂದೆ. ಸೆಲ್ವಿ ನಿಧಾನವಾಗಿ ಎದ್ದು ನಿಂತಳು. ಬೋರ್ಡಿನ ಕಡೆ ನೋಡಲೇ ಇಲ್ಲ.

"ನಮ್ಮಜ್ಜಿ ಹೇಗಿದಾರೆ ಸಾರ್?" ಎಂದಳು. "ನಾನು ನೋಡಿ ನಾಲ್ಕು ವರ್ಷ ಆಯ್ತು."